ಸನ್ಯಾಲರ ಮನೆಗೆ ಮೀನಿಲ್ಲ

ಶಿಮುಲ್‌ಗಂಜ್‌ನ ಮೀನು ಪೇಟೆಯಲ್ಲಿ ನಿಸ್ತಾರಿಣಿ ಮಾಲೋ ಮೂವತ್ತೊಂದು ವರ್ಷ ಒಂದೇ ಜಾಗದಲ್ಲಿ ಕೂತಳು. ಮುಂದೆ ಈಳಿಗೆಮಣೆ, ಪಕ್ಕದಲ್ಲಿ ನೀರಿನ ಬೋಗುಣಿ. ವಿಧವೆಯಾದ ಮೇಲೆ ಅವಳು ಮೀನನ್ನು ಬಾಯಿಗೆ ಮುಟ್ಟಿಸಲಿಲ್ಲ; ಕೈ ಮಾತ್ರ ದಿನವೂ ಅದರ ಹುರುಪೆಯಿಂದ ಹೊಳೆಯುತ್ತಿತ್ತು. ಪೊಲೀಸರಿಗೂ ಕೊಡುತ್ತಿದ್ದಳು, ಜಮೀನ್ದಾರರ ಅಡುಗೆಯವನಿಗೂ ಕೊಡುತ್ತಿದ್ದಳು. ವಕೀಲ ಭವತೋಷ ಸನ್ಯಾಲರ ಮನೆಗೆ ಮಾತ್ರ ಒಂದು ಸೀಗಡಿಯನ್ನೂ ಕೊಡಲಿಲ್ಲ.

ಅವಳ ಗಂಡ ಗೋಕುಲ ಬೋಯಾಲಮಾರಿ ಕೆರೆಯಲ್ಲಿ ಬಲೆ ಬೀಸುತ್ತಿದ್ದವನು. ಬ್ರಿಟಿಷರ ಕಾಲದ ಕೊನೆಕೊನೆಗೆ ಜಮೀನ್ದಾರರು ಕೆರೆಗೆ ಬೇಲಿ ಹಾಕಿಸಿದಾಗ ನಲವತ್ತು ಮನೆಯವರನ್ನು ಕೂಡಿಸಿಕೊಂಡು ಸನ್ಯಾಲರ ಬಳಿಗೆ ಹೋದ. ಆಗಿನ್ನೂ ಸನ್ಯಾಲರ ಕರಿಕೋಟಿನ ಮೊಣಕೈ ಹರಿದಿತ್ತು. ಫೀಸು ಬೇಡವೆಂದರು, ಖಾಲಿ ಕಾಗದವೊಂದರ ಮೇಲೆ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡರು. ವಿಚಾರಣೆಯ ದಿನ ಆ ಕಾಗದ ರಾಜಿಪತ್ರವಾಗಿ ಹೊರಬಂತು. ಕೆರೆಯ ಮೇಲೆ ನಮಗೆ ಹಕ್ಕಿಲ್ಲ, ಗೋಕುಲನ ಮಾತು ಕೇಳಿ ಕೆಟ್ಟೆವು ಎಂದು ಅದರಲ್ಲಿತ್ತು. ಗೋಕುಲ ಮರುದಿನವೇ ಬಲೆ ಹೊತ್ತು ಕೆರೆಗಿಳಿದ. ಕಳ್ಳತನವೆಂದು ಜೈಲಿಗೆ ಹಾಕಿದರು. ನಾಲ್ಕನೆಯ ತಿಂಗಳು ರಕ್ತಭೇದಿಯಾಗಿ ಅಲ್ಲೇ ಸತ್ತ.

ನಿಸ್ತಾರಿಣಿ ಬಿಳಿ ಸೀರೆಯಲ್ಲಿ ವಕೀಲರ ಜಗಲಿಗೆ ಹೋದಳು.

“ಬಾಬು, ಆ ಕಾಗದದ ಮೇಲೆ ಏನ್ ಬರೆದ್ರಿ?”

ಸನ್ಯಾಲರು ಪತ್ರಿಕೆ ಮಡಚಲಿಲ್ಲ. “ನಿಮ್ಮ ಒಳ್ಳೇದಕ್ಕೇ ಬರೆದೆ. ಗೆಲ್ಲೋ ಕೇಸಲ್ಲ ಅದು. ನಿನ್ನ ಗಂಡ ಸ್ವಲ್ಪ ತಲೆ ತಗ್ಗಿಸಿದ್ದಿದ್ರೆ ಬದುಕಿರ್ತಿದ್ದ.”

“ಇನ್ಮೇಲೆ ನಿಮ್ಮನೇಲಿ ಮೀನು ಬೇಯಲ್ಲ.”

ಅವರು ನಕ್ಕುಬಿಟ್ಟರು. ಮರುದಿನ ಅವರ ಆಳು ಪೇಟೆಗೆ ಬಂದಾಗ ಹೆಂಗಸರೆಲ್ಲ ಬುಟ್ಟಿಗೆ ಗೋಣಿ ಮುಚ್ಚಿದರು. ಒಬ್ಬೊಬ್ಬಳ ಮನೆಯ ಹೆಬ್ಬೆಟ್ಟೂ ಆ ಕಾಗದದ ಮೇಲಿತ್ತು. ನಿಸ್ತಾರಿಣಿಯ ಸ್ವಂತ ತಂಗಿ ಖಾಂತೊ ಒಮ್ಮೆ ಆಸೆಗೆ ಬಿದ್ದು ಎರಡು ಮೀನನ್ನು ಆ ಆಳಿಗೆ ಕದ್ದುಮುಚ್ಚಿ ಮಾರಿದಳು. ನಿಸ್ತಾರಿಣಿ ಪೇಟೆಯೆದುರೇ ಅವಳ ಬುಟ್ಟಿಯನ್ನು ಚರಂಡಿಗೆ ಕವುಚಿದಳು. ಐದು ವರ್ಷ ಮಾತಾಡಿಸಲಿಲ್ಲ.

ಸನ್ಯಾಲರು ಬೆಳೆದರು. ಜಮೀನ್ದಾರರ ಬೆಂಬಲದಿಂದ ಪುರಸಭೆಯ ಅಧ್ಯಕ್ಷರಾದರು. ಚಳವಳಿಯಲ್ಲಿ ಆರು ತಿಂಗಳು ಜೈಲು ಕಂಡು ಹಾರ ಹಾಕಿಸಿಕೊಂಡು ಬಂದರು, ಸ್ವಾತಂತ್ರ್ಯ ಬಂದ ಮೇಲೆ ಶಾಸಕರಾದರು. ಶಾಲೆ ಕಟ್ಟಿಸಿದರು, ಆಸ್ಪತ್ರೆ ಕಟ್ಟಿಸಿದರು. ಭಾಷಣಗಳಲ್ಲಿ ತಮ್ಮನ್ನು ‘ಮೀನುಗಾರರ ಮಿತ್ರ’ ಎಂದು ಕರೆದುಕೊಂಡರು.

“ಅಷ್ಟೆಲ್ಲ ಮಾಡಿದಾರಲ್ಲೇ, ಇನ್ನಾದ್ರೂ ಬಿಡು” ಎಂದು ಯಾರಾದರೂ ಅಂದರೆ ನಿಸ್ತಾರಿಣಿ ಕೈಕೆಲಸ ನಿಲ್ಲಿಸುತ್ತಿರಲಿಲ್ಲ. “ಆಸ್ಪತ್ರೆ ಕಟ್ಟಿಸಿದ್ದು ನಿಜ. ನನ್ನ ಜ್ವರಾನೂ ಅಲ್ಲೇ ವಾಸಿಯಾಯ್ತು. ಅದಕ್ಕೇನೀಗ?”

ಮಗಳ ಮದುವೆಗೆ ಗಂಡಿನ ಮನೆಗೆ ಕಳಿಸಲು ಸನ್ಯಾಲರಿಗೆ ದೊಡ್ಡದೊಂದು ರುಯಿ ಮೀನು ಬೇಕಾಯಿತು. ಕಲಕತ್ತೆಯಿಂದ ಐಸಿನಲ್ಲಿಟ್ಟು ತರಿಸಿದರು. ರೈಲು ಜಂಕ್ಷನ್ನಿನಲ್ಲಿ ಅರ್ಧ ದಿನ ನಿಂತಿತು. ಮದುವೆಯ ಪದ್ಧತಿಯಂತೆ ಮದುಮಗಳ ಹಾಗೆ ಸೀರೆಯುಟ್ಟು ಮೂಗುತಿ ಇಟ್ಟುಕೊಂಡ ಮೀನು ಬೀಗರ ಅಂಗಳಕ್ಕೆ ಬಂದಾಗ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಪೇಟೆ ಎರಡು ದಿನ ಬಿದ್ದುಬಿದ್ದು ನಕ್ಕಿತು. ನಿಸ್ತಾರಿಣಿ ನಗಲಿಲ್ಲ. “ಇಷ್ಟಕ್ಕೇ ನಗ್ತೀರಾ?” ಎಂದಳು.

ಮೀನು ನಿಲ್ಲಿಸಿದ ಇಪ್ಪತ್ತನಾಲ್ಕನೆಯ ವರ್ಷ ಸನ್ಯಾಲರು ಭಾಷಣ ಮಾಡುತ್ತಲೇ ವೇದಿಕೆಯ ಮೇಲೆ ಕುಸಿದು ಸತ್ತರು. ಅರ್ಧ ಊರು ಅತ್ತಿತು. ಶ್ರಾದ್ಧದ ದಿನ ಬೆಳಗ್ಗೆ ಮಗ ಪರಿಮಲ್, ಅವನೂ ವಕೀಲನೇ, ಬೋಳಿಸಿದ ತಲೆಯಲ್ಲಿ ಪೇಟೆಗೆ ಬಂದ. ಮರುದಿನ ಬಂಧುಗಳಿಗೆ ಮೀನೂಟ ಹಾಕಿದರೆ ಮಾತ್ರ ಸೂತಕದ ನೇಮ ಮುಗಿಯುವುದು.

“ಮಾಶಿ,” ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದ. “ಅಪ್ಪ ಹೋದ್ರು. ಇನ್ನಾದ್ರೂ ಬಿಟ್ಬಿಡಿ.”

“ನಿಮ್ಮಪ್ಪ ಹೋದ್ರು ಸರಿ. ಕಾಗದ ಎಲ್ಲಿ ಹೋಯ್ತು?”

“ಯಾವ ಕಾಗದ?”

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಕೂತಲ್ಲಿಂದಲೇ ಎಲ್ಲ ಹೇಳಿದಳು. ಸುತ್ತ ವ್ಯಾಪಾರ ನಿಂತಿತು. “ಸಂಜೆ ಮೈದಾನದಲ್ಲಿ ಸಂತಾಪ ಸಭೆಯಂತಲ್ಲ. ಹುಡುಕಿ ತಂದು ಅಲ್ಲಿ ಓದು. ಆಮೇಲೆ ಮೀನಿಗೆ ಬಾ.”

“ಓದದಿದ್ರೆ?”

“ಸೂತಕದಲ್ಲೇ ಇರಿ.”

ಪರಿಮಲ್ ಮಧ್ಯಾಹ್ನವೆಲ್ಲ ಅಪ್ಪನ ತಗಡಿನ ಪೆಟ್ಟಿಗೆ ಜಾಲಾಡಿದ. ರಾಜಿಪತ್ರದ ನಕಲು ಸಿಕ್ಕಿತು. ಅದಕ್ಕೆ ಪಿನ್ನು ಚುಚ್ಚಿಟ್ಟ ಜಮೀನ್ದಾರರ ಪತ್ರವೂ ಸಿಕ್ಕಿತು: ಕೆಲಸ ಆದ ಮೇಲೆ ಪುರಸಭೆಯ ಕುರ್ಚಿ ನಿಮ್ಮದೇ.

ಸಂಜೆ ಅವನು ಎರಡನ್ನೂ ಓದಿದ. ಒಂದು ಸಾಲನ್ನೂ ಬಿಡಲಿಲ್ಲ. ಸೋದರಮಾವ ಕಾಗದ ಕಿತ್ತುಕೊಳ್ಳಲು ಎದ್ದ. ಜನ ಹಿಡಿದು ಕೂರಿಸಿದರು. ಸನ್ಯಾಲರ ಹೆಂಡತಿ ಮುಖ ಮುಚ್ಚಿಕೊಂಡು ಎದ್ದು ಹೋದರು. ಹಿಂದೆ ನಿಂತಿದ್ದ ನಿಸ್ತಾರಿಣಿಯ ಪಕ್ಕದಲ್ಲೇ ಹಾದುಹೋದರು. ಈ ಹೆಂಗಸು ತನಗೇನೂ ಮಾಡಿದವಳಲ್ಲವೆಂದು ನಿಸ್ತಾರಿಣಿಗೆ ಗೊತ್ತಿತ್ತು. ಆದರೂ ಆ ಬಿಳಿ ಸೀರೆಯ ಬೆನ್ನನ್ನು ಕಣ್ಣು ಕೀಲಿಸಿ ನೋಡಿದಳು. ಎದೆಗೆ ಹಾಯೆನಿಸಿತು. ಹಾಗೆನಿಸಿತೆಂದು ಮುಂದೆ ಕೇಳಿದವರಿಗೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ಬೆಳಗ್ಗೆ ಹನ್ನೊಂದು ರುಯಿಗಳನ್ನು ತಾನೇ ಹೆಚ್ಚಿಕೊಟ್ಟಳು.

“ಕ್ಷಮಿಸಿದ್ರಾ ಮಾಶಿ?”

“ಮೀನು ಕೊಟ್ಟಿದೀನಿ. ಓದಿದ್ದಕ್ಕೆ ನಿನಗೆ ಕೊಟ್ಟಿದ್ದು. ನಿಮ್ಮಪ್ಪನ ಹೆಸರಲ್ಲಿ ಎಡೆಗೆ ಒಂದು ಮುಳ್ಳು ಎತ್ತಿಟ್ರೂ ನಾಳೆಯಿಂದ ಮತ್ತೆ ಗೋಣಿ ಮುಚ್ತೀನಿ.”

ಅವನು ತಲೆಯಾಡಿಸಿ ಬುಟ್ಟಿ ಎತ್ತಿಸಿದ.

ಮರುವರ್ಷ ಚೌಕದಲ್ಲಿ ಸನ್ಯಾಲರ ಪ್ರತಿಮೆ ನಿಂತಿತು. ಕೆಳಗೆ ಕೆತ್ತಬೇಕೆಂದಿದ್ದ ‘ಮೀನುಗಾರರ ಮಿತ್ರ’ ಎಂಬ ಮಾತನ್ನು ಕೈಬಿಟ್ಟರು. ಹೆಸರು, ಇಸವಿ ಅಷ್ಟೇ ಇದೆ. ಪರಿಮಲ್ ಮೀನುಗಾರರ ಪರ ನಿಂತು ಕೆರೆಗಾಗಿ ಐದು ವರ್ಷ ಬಡಿದಾಡಿ ಗೆದ್ದ. ಮೊದಲ ಬಲೆ ಎಳೆದ ದಿನ ಖಾಂತೊ ಅಕ್ಕನ ಕೈ ಹಿಡಿದು ದಂಡೆಗೆ ಕರೆತಂದಳು. ಗಂಡಸರು ಪರಿಮಲ್‌ಗೆ ಚಾಪೆ ಹಾಸಿ ಕೂರಿಸಿದರು. ನಿಸ್ತಾರಿಣಿ ಅವನಿಗೆ ಚಹಾ ತಂದುಕೊಟ್ಟಳು. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ. ಅದಾಗಿ ಎರಡು ವರ್ಷಕ್ಕೆ ತಾನು ಸಾಯುವವರೆಗೂ ಅವಳಿಗೆ ಅವನು “ಆ ವಕೀಲನ ಮಗ”ನೇ.