ಇಲಿ ಕೋಣೆಯ ಹೊನ್ನವ್ವ

ಹೊನ್ನವ್ವ ಮೋರಟಗಿಯವಳು. ಮೆಟ್ರಿಕ್ ಪಾಸಾದ ವರ್ಷವೇ ಸಿಂದಗಿಗೆ ಸೊಸೆಯಾಗಿ ಬಂದಳು. ಗಂಡ ಬಸಂತರಾಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಪಿಎಚ್.ಡಿ.ಗಾಗಿ ಹಿತ್ತಿಲಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬಿಳಿ ಇಲಿ ಸಾಕಿದ್ದ. ಸಾಕಿದ್ದೇನೆ ಎಂದು ಹೇಳಿಕೊಳ್ಳುವವನು ಅವನು. ಬೋನು ತೊಳೆದು, ನೆನೆಸಿದ ಕಡಲೆ ಹಾಕುವವಳು ಹೊನ್ನವ್ವ.

ಮೊದಲ ವರ್ಷ ಅವನು ಪ್ರೀತಿಯಿಂದಲೇ ಹೇಳಿಕೊಟ್ಟಿದ್ದ. ಮೆದುಳಿನ ಅಡಿಯಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ. ಅದರ ಒಂದು ಹಾರ್ಮೋನು ಅಂಡಾಶಯದಲ್ಲಿ ಗುಳ್ಳೆಗಳನ್ನು ಬೆಳೆಸುತ್ತದೆ. ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕಿ ಬಂದರೆ ಮಾತ್ರ ಬೆಳೆದ ಗುಳ್ಳೆ ಒಡೆದು ಅಂಡ ಹೊರಬೀಳುತ್ತದೆ.

"ರಾತ್ರಿ ಆತಂದ್ರ ಬಲ್ಬ್ ಆರಸು," ಎಂದಿದ್ದ. "ಇಲಿಗೆ ಕತ್ತಲಿ ಬೇಕು. ವಾರಗಟ್ಟಲೆ ಹಂಗ ಉರದ್ರ ಆ ಎರಡನೇ ಹಾರ್ಮೋನು ಉಕ್ಕೂದ ಇಲ್ಲ."

ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ೧೯೭೪ರ ಸೀಗಿ ಹುಣ್ಣಿಮೆಯಂದು ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊನ್ನವ್ವ ಬುಟ್ಟಿ ಎತ್ತಿಕೊಂಡಾಗ, ಅತ್ತೆ ಚನ್ನವ್ವ ಅದನ್ನು ಕಸಿದುಕೊಂಡಳು.

"ಬಸುರಿ ಭೂಮ್ತಾಯಿಗೆ ಬಂಜಿ ಕೈಲೆ ಎಡಿ ಬ್ಯಾಡ."

ನೆಂಟರೆಲ್ಲ ಬಸಂತರಾಯನ ಮುಖ ನೋಡಿದರು. ಅವನು ಕಡುಬು ಮುರಿಯುತ್ತ ಹೇಳಿದ: "ಅವ್ವ ಹೇಳೂದು ಖರೆ ಐತಿ. ನಾ ಅಂಡಾಶಯ ಓದಿದಾಂವ. ದೋಷ ಅಕಿ ಹೊಟ್ಟ್ಯಾಗ ಐತಿ."

"ನೀವು ತಪಾಸ ಮಾಡಿಸೀರೇನ್ರಿ?" ಎಂದಳು ಹೊನ್ನವ್ವ.

"ಗೂಳಿನ ಯಾರರ ದವಾಖಾನಿಗೆ ಹೊಡ್ಕೊಂಡ ಹೋಗ್ತಾರೇನವಾ?" ಎಂದ ಒಬ್ಬ ನೆಂಟ. ಎಲ್ಲರೂ ನಕ್ಕರು. ಬಸಂತರಾಯ ಎಲ್ಲರಿಗಿಂತ ಜೋರಾಗಿ ನಕ್ಕ.

ಚಡಚಣದ ವ್ಯಾಪಾರಿ ರೇವಪ್ಪನ ಮಗಳನ್ನು ಎರಡನೆಯ ಹೆಂಡತಿಯಾಗಿ ತರುವ ಮಾತು ಆಗಲೇ ನಡೆದಿತ್ತು. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಬಂದು ಮನೆ ನೋಡುವುದಾಗಿ ರೇವಪ್ಪ ಹೇಳಿ ಕಳಿಸಿದ.

ಹೊನ್ನವ್ವ ಅಳಲಿಲ್ಲ, ತವರಿಗೂ ಹೋಗಲಿಲ್ಲ. ಸೀಗಿ ಹುಣ್ಣಿಮೆಯ ರಾತ್ರಿಯಿಂದಲೇ ಇಲಿ ಕೋಣೆಯ ಬಲ್ಬು ಆರಿಸುವುದನ್ನು ಬಿಟ್ಟಳು. ಬಸಂತರಾಯ ಆ ಕೋಣೆಗೆ ಹಗಲಲ್ಲಿ ಮಾತ್ರ ಬರುತ್ತಿದ್ದ, ಕೆಲವು ಇಲಿಗಳಿಗೆ ಔಷಧದ ಸೂಜಿ ಚುಚ್ಚಿ ಹೋಗುತ್ತಿದ್ದ. ಹಗಲಲ್ಲಿ ಬಲ್ಬು ಉರಿಯಲೇಬೇಕಿತ್ತು. ಬೆಳಕಿಗೆ ಬೇಸತ್ತ ಇಲಿಗಳು ಒಂದರ ಹೊಟ್ಟೆಯಡಿ ಇನ್ನೊಂದು ಮುಖ ಹುದುಗಿಸುತ್ತಿದ್ದವು. ಹೊನ್ನವ್ವ ಬೋನಿನೊಳಗೆ ಬೆರಳಿಟ್ಟು ಅವುಗಳ ಬೆನ್ನು ಸವರುತ್ತಿದ್ದಳು. "ಸಿಟ್ಟು ನಿಮ್ಮ ಮ್ಯಾಲಿಲ್ಲವ್ವಾ," ಎನ್ನುತ್ತಿದ್ದಳು. ಆದರೂ ಬಲ್ಬಿನ ಗುಂಡಿ ಒತ್ತಲಿಲ್ಲ.

ರೇವಪ್ಪ ಬರುವ ದಿನವೇ ಬಸಂತರಾಯ ಧಾರವಾಡದಿಂದ ತನ್ನ ಮಾರ್ಗದರ್ಶಕರನ್ನೂ ಕರೆಸಿದ. ತನ್ನ ಮನೆಗೆ ಎಂಥ ದೊಡ್ಡವರು ಬರುತ್ತಾರೆಂಬುದನ್ನು ರೇವಪ್ಪ ಕಣ್ಣಾರೆ ನೋಡಲಿ ಎಂಬ ಆಸೆ. ಪಡಸಾಲೆಯಲ್ಲೇ ಇಲಿಗಳನ್ನು ಕೊಯ್ದು ತೋರಿಸಿದ. ಮಾರ್ಗದರ್ಶಕರು ಮಸೂರ ಹಿಡಿದು ನೋಡಿದರು. ಒಂದಾದ ಮೇಲೊಂದು ನೋಡಿದರು. ಮುಖ ಗಂಟಿಕ್ಕಿತು.

"ಸೂಜಿ ಚುಚ್ಚದೆ ಬಿಟ್ಟ ಇಲಿಗಳಲ್ಲೂ ಗುಳ್ಳೆ ಉಬ್ಬಿ ನಿಂತಿವೆ. ಒಂದೂ ಒಡೆದಿಲ್ಲ. ಯಾವುದಕ್ಕೆ ಹೋಲಿಸಿ ನೋಡುತ್ತೀರಿ?"

ಬಸಂತರಾಯ ಬೆವೆತ. "ಈ ಇಲಿ ಬಂಜಿ ಇರಬೇಕ್ರಿ ಸರ್."

"ಎಲ್ಲವೂ? ಅಂಡಾಶಯದಲ್ಲಿ ದೋಷ ಕಾಣುವುದಿಲ್ಲ. ಮೇಲೆ ಮೆದುಳಿನಿಂದ ಅಪ್ಪಣೆ ಬಂದಿಲ್ಲ, ಅಷ್ಟೆ. ರಾತ್ರಿ ದೀಪ ಆರಿಸುತ್ತೀರಾ?"

"ದಿನಾ ನಾನ ಆರಸ್ತೇನ್ರಿ."

ಚಹಾ ತಂದಿದ್ದ ಹೊನ್ನವ್ವ ತಾಟನ್ನು ನೆಲಕ್ಕಿಟ್ಟಳು. "ಸುಳ್ಳ್ರಿ. ಒಂದಿನಾನೂ ಆರಿಸಿಲ್ಲ ಇವರು. ಆರಸಾಕಿ ನಾನು. ಸೀಗಿ ಹುಣ್ಣಿವಿಯಿಂದ ಬೇಕಂತ ಉರಿಯಾಕ ಬಿಟ್ಟೇನಿ."

"ಹೊನ್ನೀ!" ಎಂದು ಬಸಂತರಾಯ ಎದ್ದು ನಿಂತ.

"ಕುಂಡ್ರಿ. ಹೊಟ್ಟಿ ಕೊಯ್ದು ನೋಡಿದ ಮ್ಯಾಲೂ ನಿಮಗ ಗೊತ್ತಾಗಲಿಲ್ಲ. ನನ್ನ ಹೊಟ್ಟಿ ನೋಡದೇ ಊರ ಮುಂದ ಬಂಜಿ ಅಂದ್ರಿ." ಅವಳು ರೇವಪ್ಪನತ್ತ ತಿರುಗಿದಳು. "ಕಾಕಾ, ಮಗಳನ್ನ ಕೊಡೂ ಮೊದಲ ಅಳಿಯನ್ನ ಡಾಕ್ಟರ ಕಡೆ ಕಳಸ್ರಿ."

ರೇವಪ್ಪ ಮೆಲ್ಲಗೆ ಕೇಳಿದ: "ಹೋಗ್ತೀರೇನ್ರಿ ಮಾಸ್ತರ?"

ಬಸಂತರಾಯ ಕೊಯ್ದ ಇಲಿಗಳನ್ನು ಎತ್ತಿ ಬದಿಗಿಡತೊಡಗಿದ. ರೇವಪ್ಪ ರುಮಾಲು ಸುತ್ತಿಕೊಂಡ. "ನನ್ನ ಮಗಳು ಇಲಿ ಅಲ್ರಿ, ಚುಚ್ಚಿ ನೋಡಾಕ." ಊಟಕ್ಕೂ ನಿಲ್ಲದೆ ಹೊರಟ. ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕೆಂದು ಹೇಳಿ ಮಾರ್ಗದರ್ಶಕರೂ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

"ಮನಿಹಾಳಿ! ತವರಿಗೆ ನಡಿ," ಎಂದು ಚನ್ನವ್ವ ಕೂಗಿದಳು.

ರೇವಪ್ಪನಿಗಾಗಿ ಹಾಕಿದ್ದ ಮಣೆಯ ಮೇಲೆ ಹೊನ್ನವ್ವ ಹೋಗಿ ಕುಳಿತಳು. ಆ ಮನೆಯಲ್ಲಿ ಗಂಡ ಉಣ್ಣುವ ಮೊದಲು ಅವಳು ಒಂದು ತುತ್ತೂ ಮುಟ್ಟಿದವಳಲ್ಲ. ಬಡಿಸಿಟ್ಟಿದ್ದ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು, ನಿಧಾನವಾಗಿ ಅಗಿದಳು.

"ಎಲ್ಲೂ ಹೋಗಂಗಿಲ್ರಿ ಅತ್ತಿ. ದಿನಾ ನಿಮ್ಮ ಕಣ್ಣ ಮುಂದ ಇರ್ತೇನಿ. ತುಪ್ಪ ಹಾಕ್ರಿ."