ನಿಂಬೆಹಣ್ಣು ಗೆದ್ದಿತು

ಕೇಳ್ರಪ್ಪಾ, ಸಂಜೆ ಖಾನಾಪುರದಲ್ಲಿ ಕಾರ್ ರೇಸ್ ಎಂದು ಗೆಳೆಯ ಮಲ್ಲೇಶಿ ಇವತ್ತು ಬೆಳಿಗ್ಗೆ ಅನಗೋಳದ ಮನೆಮುಂದೆ ಕಾರಿಗೆ ಪೂಜೆ ಮಾಡಿಸಿದ. ಎಂಜಿನ್ ಹೊಸದು, ರಾಕ್ಷಸನಂಥದ್ದು. ಹಿಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್ ಮಾತ್ರ ಹಳೆಯದೇ.

"ಗಟ್ಟಿ ಆಕ್ಸಲ್ ಹಾಕಸ್ರಿ, ಇದು ತಡಿಯಂಗಿಲ್ಲ" ಎಂದು ಖಾಸಬಾಗದ ಗ್ಯಾರೇಜ್ ಮೇಸ್ತ್ರಿ ಪರಶುರಾಮ ಎಷ್ಟು ಹೇಳಿದರೂ ಮಲ್ಲೇಶಿಯದು ಒಂದೇ ಉತ್ತರ: "ಕೆಳಗಿಂದು ಯಾರಿಗೆ ಕಾಣತೈತಿ?"

ಆರತಿ ಮುಗಿಸಿ ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟೆವು. ಮಲ್ಲೇಶಿ ಎಂಜಿನ್ ಗುಡುಗಿಸಿ ಒಮ್ಮೆಲೇ ಕ್ಲಚ್ ಬಿಟ್ಟ. ಫಟ್! ಕಾರು ಕದಲಲಿಲ್ಲ. ನಿಂಬೆಹಣ್ಣು ನಾಲ್ಕೂ ಹಾಗೇ ಇದ್ದವು, ತುಂಡಾಗಿದ್ದು ಆಕ್ಸಲ್.

ಮೇಸ್ತ್ರಿ ಒಂದು ಹಣ್ಣನ್ನು ಎತ್ತಿ ಒರೆಸಿದ. "ಮಲ್ಲೇಶಣ್ಣ, ಇದು ಭಾಳ ಗಟ್ಟಿ ಐತ್ರಿ. ಆಕ್ಸಲ್ ಬದ್ಲಿ ಇದನ್ನ ಹಾಕೂಣೇನ್ರಿ?"

ಈಗ ಎಲ್ಲರೂ ಬಸ್ಸಿನಲ್ಲಿ ರೇಸಿಗೆ ಹೊರಟಿದ್ದೇವೆ. ಕಿಟಕಿ ಸೀಟು ಮಲ್ಲೇಶಿಗೆ. ಗೆದ್ದ ನಿಂಬೆಹಣ್ಣು ಮೇಸ್ತ್ರಿಯ ಜೇಬಿನಲ್ಲಿದೆ.