ಮರುಳಪ್ಪನ ಬಲಗಿವಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ, ಮೂವತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡುವ ಮರುಳಪ್ಪನ ಜೊತೆ ಬೀಗಗಳು ಮಾತಾಡುತ್ತವೆ ಎಂಬ ವಿಷಯದಲ್ಲಿ ಮೂರು ತಾಲ್ಲೂಕಿಗೂ ಒಮ್ಮತವಿತ್ತು. ಅವನು ಬಲಗಿವಿಯನ್ನು ಪೆಟ್ಟಿಗೆಗೋ ಬಾಗಿಲಿಗೋ ಒತ್ತಿ ಕಣ್ಣು ಮುಚ್ಚಿದನೆಂದರೆ ಎಂಥ ಮೊಂಡು ಬೀಗವೂ ಗುಟ್ಟು ಬಿಟ್ಟುಕೊಡುತ್ತಿತ್ತಂತೆ. ಬೇಲೂರಿನ ತಿಜೋರಿಯೊಂದು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಕಂಡವರಿದ್ದರು. ಹಳೇಬೀಡಿನ ಟ್ರಂಕೊಂದು ಅತ್ತೆ ಸೊಸೆಯರ ಜಗಳವನ್ನು ಸಾದ್ಯಂತ ವರದಿ ಮಾಡಿತ್ತು.

ಇಂಥ ಮಹಾಪುರುಷನ ಮುಂದೆ ಜಾವಗಲ್‌ನ ಕಮಲಾಕ್ಷಮ್ಮ ತಮ್ಮ ಹಳೇ ಅಂಬಾಸಿಡರ್ ತಂದು ನಿಲ್ಲಿಸಿದರು. ಗಂಡ ಬಿಟ್ಟುಹೋದ ಕಾರು. ಐವತ್ತು ದಾಟಿದ ಮೇಲೆ ಹಠ ಹಿಡಿದು ಓಡಿಸಲು ಕಲಿತದ್ದು. ಅದಕ್ಕೆ ನಾಲ್ಕು ಬೀಗ, ನಾಲ್ಕು ಬೀಗದಕೈ. ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ಒಂದು ಕೈ ಕಳೆದಾಗ ಒಂದು ಬೀಗ ಬದಲಾಗಿತ್ತು, ತೆಂಗಿನಕಾಯಿ ತುರುಕಿ ಡಿಕ್ಕಿಯ ಬೀಗ ಮುರಿದಾಗ ಇನ್ನೊಂದು, ಹೀಗೆ.

ಹೋದ ವಾರ, ಮಗಳ ಮದುವೆಯ ದಿನ, ಮಾದಿಹಳ್ಳಿಯ ಛತ್ರದ ಮುಂದೆ ಸುರಿಯುವ ಮಳೆಯಲ್ಲಿ ಅವರು ಒಂದೊಂದೇ ಕೈ ತೂರಿಸಿ ನೋಡುತ್ತಿದ್ದಾಗ, ಹೊಸ ಬೀಗರಾದ ದೇವೀರಪ್ಪ ಕೊಡೆಯ ಕೆಳಗಿನಿಂದ ಕೂಗಿದ್ದರು: "ಏನ್ರೀ ಬೀಗಿತ್ತಿ, ಒಬ್ಬ ಬೀಗನ್ನ ಸಂಭಾಳಿಸೋದೇ ಕಷ್ಟ, ನೀವು ನಾಲ್ಕು ಬೀಗ ಕಟ್ಕಂಡಿದ್ದೀರಲ್ಲ! ಗುಜರಿಗೆ ಹಾಕಿ ಅತ್ಲಾಗೆ!"

ದಿಬ್ಬಣವೆಲ್ಲ ನಕ್ಕಿತು. ಕಮಲಾಕ್ಷಮ್ಮನಿಗೆ ರೇಗಿತು. "ಬೀಗರೂಟದೊಳಗೆ ಒಂದೇ ಕೈಯಲ್ಲಿ ನಾಲ್ಕೂ ತೆಗೀತೀನಿ. ಆಗದಿದ್ರೆ ಗುಜರಿಗೆ ನಾನೇ ಓಡಿಸ್ಕಂಡು ಹೋಗ್ತೀನಿ!"

ಬೀಗರೂಟ ನಾಳೆ. ಸಾಕ್ಷಿಗೆಂದು ದೇವೀರಪ್ಪ ಖುದ್ದಾಗಿ ಬಂದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು.

ಮರುಳಪ್ಪ ಬಾಗಿಲಿನ ಬೀಗ ಕಳಚಿದ. ಒಳಗೆ ಉಗುರಿನಷ್ಟು ಹಿತ್ತಾಳೆ ಎಲೆಗಳ ಸಾಲು. ಇಂಜಿನ್ ಶುರು ಮಾಡುವ ಕೈಯನ್ನೇ ಅದರಲ್ಲಿ ತೂರಿಸಿದ. ಸರಿಹೊಂದದ ಎಲೆಗಳು ತಲೆ ಎತ್ತಿ ನಿಂತವು. ಆ ಕೈಗೆ ಹೊಂದುವಂತೆ ಅವನ್ನು ಅದಲು ಬದಲು ಮಾಡಬೇಕು, ಬಗ್ಗದವನ್ನು ಅರದಿಂದ ಉಜ್ಜಬೇಕು.

"ಏ ಮರುಳಪ್ಪ, ಆ ಎಲೆ ತಿರುವಾಕ್ಲಾ," ಎಂದರು ದೇವೀರಪ್ಪ. "ಎಣ್ಣೆ ಬಿಡು. ನಮ್ಮ ತಾತನ ಕಾಲದಲ್ಲಿ..."

ಮರುಳಪ್ಪ ಬಲಗಿವಿಯನ್ನು ಕಾರಿಗೆ ಒತ್ತಿ ಕಣ್ಣು ಮುಚ್ಚಿದ. ಬೆರಳು ಮಾತ್ರ ಆಡುತ್ತಿತ್ತು. ಸುತ್ತ ನೆರೆದ ಜನ ಹತ್ತಿರ ಸರಿದರು. ದೇವೀರಪ್ಪನವರ ಕಥೆಯಲ್ಲಿ ತಾತ ಹುಟ್ಟಿ, ಬೆಳೆದು, ತೀರಿಕೊಳ್ಳುವಷ್ಟರಲ್ಲಿ ಉಳಿದ ಮೂರು ಬೀಗವೂ ಕಾರಿಗೆ ಮರಳಿದ್ದವು.

ಕಮಲಾಕ್ಷಮ್ಮ ಆ ಒಂದೇ ಬೀಗದಕೈ ಹಿಡಿದು ಹೊರಟರು. ಬಲಬಾಗಿಲು, ಟಕ್. ಎಡಬಾಗಿಲು, ಟಕ್. ಡಿಕ್ಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಗುಜರಿ ದಾರಿ ಗೊತ್ತೈತಾ ಬೀಗಿತ್ತಿ?"

ಮರುಳಪ್ಪ ಬೀಗ ಮತ್ತೆ ಕಳಚಿದ, ಕಿವಿ ಮತ್ತೆ ಒತ್ತಿದ, ಒಂದೇ ಒಂದು ಎಲೆಯನ್ನು ಮೂರು ಸಲ ಉಜ್ಜಿ ಕೂರಿಸಿದ.

ಟಕ್! ಡಿಕ್ಕಿ ಬಾಯಿ ತೆರೆಯಿತು. ಕಮಲಾಕ್ಷಮ್ಮ ಒಳಗೆ ಕೂತು ಅದೇ ಕೈ ತಿರುಗಿಸಿದರು, ಅಂಬಾಸಿಡರ್ ಗುಡುಗಿತು. ಬಸ್ ಸ್ಟ್ಯಾಂಡೆಲ್ಲ ತಿರುಗುವಂತೆ ಹಾರನ್ ಹೊಡೆದು, "ಬೀಗರೇ, ನಾಲ್ಕು ಬೀಗ ದಾರಿಗೆ ಬಂದ್ವು. ಐದನೇದು ನೀವು. ಹತ್ತಿ, ಹಿಂದಿನ ಸೀಟಿಗೆ!" ಎಂದರು.

ದೇವೀರಪ್ಪ ತೆಪ್ಪಗೆ ಹತ್ತಲು ಹೊರಟವರು, ತಡೆಯಲಾರದೆ ಮರುಳಪ್ಪನ ಎಡಗಡೆ ಬಗ್ಗಿ ಭಕ್ತಿಯಿಂದ ಕೇಳಿದರು: "ಅಲ್ಲಯ್ಯಾ, ಆ ಡಿಕ್ಕಿ ಬೀಗ ಕೊನೆಗೆ ಏನು ಹೇಳ್ತು?"

"ಈ ಕಡೆ ಬಂದು ಹೇಳಿ ಸ್ವಾಮಿ, ಎಡಗಿವಿ ಹುಟ್ಟಿನಿಂದ ಕೇಳ್ಸಲ್ಲ," ಎಂದ ಮರುಳಪ್ಪ. ಅವರು ಬಲಕ್ಕೆ ಬಂದು ಮತ್ತೆ ಕೇಳಿದರು.

"ಬೀಗ ಏನು ಹೇಳ್ತೈತೆ ಸ್ವಾಮಿ? ಬಲಗಿವಿ ಕಾರಿಗೆ ಒತ್ಕಂಡ್ರೆ ನಿಮ್ ಮಾತು ಕೇಳ್ಸಲ್ಲ. ಕೆಲ್ಸ ಬೇಗ ಮುಗೀತೈತೆ."